ಹಕ್ಕೂ ಬಹುಮತವೂ

ಒಬ್ಬನ ಕೈಗೆ ಒಂದು ವಸ್ತು ಎರಡು ವಿಧವಾಗಿ ಬರಬಹುದು. ಅದು ಮೊದಲಿನಿಂದಲೂ ಅವನದೇ ಆಗಿದ್ದು, ಇಟ್ಟುಕೊಂಡಿದ್ದವರು ಹಿಂದಿರುಗಿಸಿದುದಾಗಿರಬಹುದು. ಇಲ್ಲವೆ ಪರರದಾಗಿದ್ದು, ಅವರು ಮನಸ್ಸು ಕರಗಿ ಕೊಟ್ಟುದಾಗಿರಬಹುದು. ಮೊದಲನೆಯದು ಋಣವಿಮೋಚನೆ, ಎರಡನೆಯದು ದಾನ. ಹೊರಗೆ ನಿಂತು ನೋಡುವವನಿಗೆ ಎರಡರಲ್ಲಿಯೂ ಕಾಣುವುದು ಒಂದೇ: ಒಂದು ಕೈ ನೀಡುತ್ತದೆ, ಇನ್ನೊಂದು ಕೈ ತೆಗೆದುಕೊಳ್ಳುತ್ತದೆ. ಆದರೆ ತೆಗೆದುಕೊಳ್ಳುವವನು ತಲೆಯೆತ್ತಿ ನಿಲ್ಲತಕ್ಕದ್ದೋ ತಲೆಬಾಗಿ ನಿಲ್ಲತಕ್ಕದ್ದೋ ಎಂಬುದು ಈ ಭೇದವನ್ನು ಅವಲಂಬಿಸಿದೆ. ಸಾಲ ತೀರಿಸಿದವನು ತನ್ನನ್ನು ದಾನಶೂರನೆಂದು ಹೊಗಳಿಸಿಕೊಂಡರೆ ಲೋಕ ನಗುತ್ತದೆ. ರಾಜ್ಯವೂ ಸಮಾಜವೂ ಹಾಗೆ ಮಾಡಿದಾಗ ನಗುವವರು ಮಾತ್ರ ಬಹಳ ಕಡಮೆ.

ವಿವಾಹದ ವಿಷಯದಲ್ಲಿ ಈ ಭೇದ ಈಚೆಗೆ ಹೊಸದಾಗಿ ವಿಚಾರಕ್ಕೆ ಬಂದಿದೆ. ಗಂಡಸು ಗಂಡಸನ್ನೂ ಹೆಂಗಸು ಹೆಂಗಸನ್ನೂ ಶಾಸನಬದ್ಧವಾಗಿ ವರಿಸಬಹುದೆಂದು 2001ರಲ್ಲಿ ನೆದರ್ಲೆಂಡ್ಸ್ ದೇಶವು ವಿಧಿಸಿತು. ಅಲ್ಲಿಂದೀಚೆಗೆ ಮೂವತ್ತೈದಕ್ಕೆ ಮೇಲ್ಪಟ್ಟ ದೇಶಗಳು ಅದೇ ದಾರಿ ಹಿಡಿದಿವೆ. ಕೆಲವೆಡೆ ಈ ಕೆಲಸವನ್ನು ಶಾಸನಸಭೆಗಳು ಮಾಡಿದವು, ಕೆಲವೆಡೆ ನ್ಯಾಯಸ್ಥಾನಗಳು ಮಾಡಿದವು. ದೇಶದ ಮತದಾರರೆಲ್ಲರನ್ನೂ ಕೇಳಿ, ಅವರ ಒಪ್ಪಿಗೆಯಿಂದಲೇ ಇದನ್ನು ನಡೆಸಿದ ಮೊದಲ ರಾಜ್ಯ ಐರ್ಲೆಂಡು. ಅದು ಕ್ಯಾಥೊಲಿಕ್ ಮತಶ್ರದ್ಧೆಗೆ ಹೆಸರಾದ ದೇಶ. ಅಲ್ಲಿನ ಜನ ವಿವಾಹವಿಚ್ಛೇದನಕ್ಕೆ ಅನುಮತಿ ಕೊಟ್ಟದ್ದೇ 1995ರಲ್ಲಿ. ಇಂಥ ಜನರ ಮನಸ್ಸು ಒಂದು ತಲೆಮಾರಿನ ಅವಧಿಯಲ್ಲಿ ಹೇಗೆ ತಿರುಗಿತು, ಮತ್ತು ಹಾಗೆ ತಿರುಗಿದ ಮನಸ್ಸು ಕೊಟ್ಟದ್ದು ದಾನವೋ ಋಣವೋ ಎಂಬ ಎರಡು ಪ್ರಶ್ನೆಗಳನ್ನು ಜೊತೆಯಾಗಿ ನೋಡಲು ಐರ್ಲೆಂಡಿಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಮೊದಲು ಅಲ್ಲಿನ ಹಳೆಯ ಕಾಯಿದೆಯ ಸಂಗತಿ. ಅದು ಐರಿಷರು ಮಾಡಿಕೊಂಡ ಕಾಯಿದೆಯಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು 1861ರಲ್ಲಿ ಒಂದನ್ನು, 1885ರಲ್ಲಿ ಮತ್ತೊಂದನ್ನು ಮಾಡಿತು. ಮೊದಲನೆಯದರ ಪ್ರಕಾರ ಗಂಡಸರ ಪರಸ್ಪರ ಸಂಭೋಗಕ್ಕೆ ಆಜೀವ ಕಾರಾವಾಸದವರೆಗೆ ಶಿಕ್ಷೆಯುಂಟು. ಎರಡನೆಯದರ ಪ್ರಕಾರ ಅವರೊಳಗಿನ ಬೇರೆ ವಿಧದ ಸಲಿಗೆಗೂ ಎರಡು ವರ್ಷದ ಸೆರೆ. ಡಬ್ಲಿನ್ನಿನಲ್ಲಿ ಹುಟ್ಟಿದ ಆಸ್ಕರ್ ವೈಲ್ಡ್ ಲಂಡನ್ನಿನಲ್ಲಿ 1895ರಲ್ಲಿ ಸೆರೆಮನೆಗೆ ಹೋದದ್ದು ಈ ಎರಡನೆಯ ಕಾಯಿದೆಯಿಂದ. ಹೆಂಗಸರ ಹೆಸರನ್ನು ಆ ಕಾಯಿದೆಗಳು ಎತ್ತಲಿಲ್ಲ. ಅವರ ಪಾಲಿಗೆ ಬಂದದ್ದು ಮೌನದ ಶಿಕ್ಷೆ. 1922ರಲ್ಲಿ ಐರ್ಲೆಂಡಿನ ಬಹುಭಾಗ ಸ್ವತಂತ್ರವಾಯಿತು. ಒಡೆಯನು ಮನೆ ಬಿಟ್ಟು ಹೋದನು. ಅವನು ಹಾಕಿದ್ದ ಬೀಗ ಮಾತ್ರ ಬಾಗಿಲಲ್ಲಿಯೇ ಉಳಿಯಿತು. ಇಂಗ್ಲೆಂಡು 1967ರಲ್ಲಿ ತನ್ನ ಮನೆಯ ಬೀಗವನ್ನು ತಾನೇ ಸಡಿಲಿಸಿಕೊಂಡಿತು. ಐರ್ಲೆಂಡು ಅದನ್ನು 1993ರವರೆಗೆ ಜೋಪಾನವಾಗಿ ಕಾಯ್ದುಕೊಂಡಿತು. ಅಷ್ಟರಲ್ಲಿ ಪರಕೀಯರ ಶಾಸನವು ಸ್ವಜನರ ಸದಾಚಾರವೆಂಬ ವೇಷವನ್ನು ಧರಿಸಿಬಿಟ್ಟಿತ್ತು. ವಸಾಹತುಗಳ ಚರಿತ್ರೆಯಲ್ಲಿ ಇದೇನೂ ಅಪೂರ್ವವಲ್ಲ. ಹೊರಗಿನಿಂದ ಬಂದುದು ನೂರು ವರ್ಷ ಕಳೆದರೆ ಸನಾತನವೆನಿಸಿಕೊಳ್ಳುತ್ತದೆ.

ಡೇವಿಡ್ ನಾರಿಸ್ ಎಂಬವರು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಾಹಿತ್ಯದ ಅಧ್ಯಾಪಕರಾಗಿದ್ದರು. ಜೇಮ್ಸ್ ಜಾಯ್ಸನ ಕೃತಿಗಳಲ್ಲಿ ವಿಶೇಷ ಪಾಂಡಿತ್ಯವುಳ್ಳವರು. ತಾವು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡು, ಈ ಕಾಯಿದೆಗಳು ರಾಜ್ಯಾಂಗಕ್ಕೆ ವಿರುದ್ಧವೆಂದು ಅವರು 1977ರಲ್ಲಿ ದಾವೆ ಹೂಡಿದರು. 1983ರಲ್ಲಿ ಐರ್ಲೆಂಡಿನ ಸರ್ವೋಚ್ಚ ನ್ಯಾಯಸ್ಥಾನವು ಅವರ ದಾವೆಯನ್ನು ತಳ್ಳಿಹಾಕಿತು. ಐವರು ನ್ಯಾಯಾಧೀಶರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ರಾಜ್ಯವು ಕ್ರೈಸ್ತ ಸ್ವಭಾವದ್ದು, ಇಂಥ ನಡತೆ ವಿವಾಹಸಂಸ್ಥೆಗೆ ಹಾನಿಕರ ಎಂಬುದು ಮುಖ್ಯ ನ್ಯಾಯಾಧೀಶರು ಕೊಟ್ಟ ಕಾರಣಗಳಲ್ಲಿ ಸೇರಿದ್ದವು. ನಾರಿಸ್ ಅಲ್ಲಿಗೆ ಬಿಡದೆ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಸ್ಥಾನಕ್ಕೆ ಹೋದರು. ಐರಿಷ್ ಸರ್ಕಾರದ ವಾದ ಗಮನಾರ್ಹವಾದದ್ದು: ಈ ಮನುಷ್ಯನ ಮೇಲೆ ಯಾರೂ ಮೊಕದ್ದಮೆ ಹೂಡಿಲ್ಲ, ಯಾರೂ ಹಿಡಿದಿಲ್ಲ, ದಂಡಿಸಿಲ್ಲ, ಹಾಗಿರುವಾಗ ಇವನಿಗೆ ಆದ ಅನ್ಯಾಯವೇನು? ನ್ಯಾಯಸ್ಥಾನ ಈ ವಾದವನ್ನು ಒಪ್ಪಲಿಲ್ಲ. ಪ್ರಯೋಗಿಸದೆ ಇಟ್ಟ ಕತ್ತಿಯೂ ತಲೆಯ ಮೇಲೆ ತೂಗುತ್ತಿರುವವರೆಗೆ ಕತ್ತಿಯೇ ಎಂಬುದು 1988ರ ಆ ತೀರ್ಪಿನ ತಾತ್ಪರ್ಯ. ಅನಂತರವೂ ಶಾಸನ ತಿದ್ದುಪಡಿಯಾಗಲು ಐದು ವರ್ಷ ಹಿಡಿಯಿತು. ನಾರಿಸರ ಪರವಾಗಿ ವಾದಿಸಿದ ವಕೀಲರಲ್ಲಿ ಒಬ್ಬರಾಗಿದ್ದ ಮೇರಿ ರಾಬಿನ್‌ಸನ್ನರು ಅಷ್ಟುಹೊತ್ತಿಗೆ ದೇಶದ ಅಧ್ಯಕ್ಷೆಯಾಗಿದ್ದರು. 1993ರಲ್ಲಿ ಆ ಕಾಯಿದೆಗಳನ್ನು ತೊಡೆದುಹಾಕಿದ ಮಸೂದೆಗೆ ಅಂಕಿತ ಹಾಕಿದವರೂ ಅವರೇ.

ಹೀಗೆ ಅಪರಾಧಿಯೆಂಬ ಹೆಸರು ಹೋಯಿತು. ಅಪರಾಧಿಯಲ್ಲ ಎನ್ನುವುದಕ್ಕೂ ಸಮಾನನು ಎನ್ನುವುದಕ್ಕೂ ನಡುವೆ ಇರುವ ದೂರವನ್ನು ದಾಟಲು ಇನ್ನೂ ಇಪ್ಪತ್ತೆರಡು ವರ್ಷ ಬೇಕಾಯಿತು. 2010ರ ಶಾಸನವೊಂದು ಸಲಿಂಗ ದಂಪತಿಗಳಿಗೆ ವಿವಾಹವೆಂಬ ಹೆಸರಿಲ್ಲದ ಒಂದು ಸಹಜೀವನದ ಒಪ್ಪಂದವನ್ನು ಕೊಟ್ಟಿತು. ಪಂಕ್ತಿಯಲ್ಲಿ ಎಲೆ ಹಾಕಿ, ಸಾಲನ್ನು ಮಾತ್ರ ಬೇರೆಯಾಗಿ ಇಟ್ಟ ಹಾಗೆ. 2013ರಲ್ಲಿ ನೂರು ಮಂದಿಯ ರಾಜ್ಯಾಂಗ ಸಮಾಲೋಚನ ಸಭೆ ಈ ವಿಷಯವನ್ನು ಕೈಗೆತ್ತಿಕೊಂಡಿತು. ಅಧ್ಯಕ್ಷರನ್ನು ಬಿಟ್ಟರೆ ಅದರಲ್ಲಿ ಮೂವತ್ತಮೂವರು ರಾಜಕಾರಣಿಗಳು, ಅರವತ್ತಾರು ಮಂದಿ ಸಾಮಾನ್ಯ ಪ್ರಜೆಗಳು. ನೂರಕ್ಕೆ 79 ಮಂದಿ ವಿವಾಹದ ಪರವಾಗಿ ಮತ ಕೊಟ್ಟರು. ಅಪರಿಚಿತರಾದ ಗೃಹಸ್ಥರನ್ನು ಒಂದು ಕೊಠಡಿಯಲ್ಲಿ ಕೂಡಿಸಿ, ಪೂರ್ವಪಕ್ಷ ಸಿದ್ಧಾಂತಗಳೆರಡನ್ನೂ ತಾಳ್ಮೆಯಿಂದ ಕೇಳಿಸಿದರೆ ಅವರು ಪತ್ರಿಕೆಗಳ ಕೂಗಾಟಕ್ಕಿಂತ ಹೆಚ್ಚು ವಿವೇಕವನ್ನು ತೋರಬಲ್ಲರೆಂಬುದಕ್ಕೆ ಇದೊಂದು ದೃಷ್ಟಾಂತ.

ಆದರೂ ದೇಶದ ಮನಸ್ಸನ್ನು ತಿರುಗಿಸಿದ್ದು ವಾದವೆಂದು ಹೇಳುವಂತಿಲ್ಲ. ವಾದಗಳು 1977ರಲ್ಲಿ ಎಷ್ಟು ಬಲವಾಗಿದ್ದುವೋ 2015ರಲ್ಲಿಯೂ ಅಷ್ಟೇ ಬಲವಾಗಿದ್ದವು. ನಡುವೆ ಆದದ್ದು ಬೇರೆ. ಮಠದ ಮಾತಿಗಿದ್ದ ತೂಕ ಕುಗ್ಗಿತ್ತು. ಧರ್ಮಸಂಸ್ಥೆಗಳ ಆಶ್ರಯದಲ್ಲಿದ್ದ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳನ್ನು 2009ರ ವಿಚಾರಣಾ ವರದಿಗಳು ಬಯಲಿಗೆಳೆದ ಮೇಲೆ, ಶೀಲದ ವಿಷಯದಲ್ಲಿ ಪಾದ್ರಿಗಳ ಉಪದೇಶವನ್ನು ಜನ ಮೊದಲಿನಂತೆ ಕೇಳಲಿಲ್ಲ. ಇದಕ್ಕಿಂತಲೂ ಮುಖ್ಯವಾದದ್ದು ಪರಿಚಯ. ಕಾಯಿದೆಯ ಭಯ ಹೋದ ಮೇಲೆ ಒಬ್ಬೊಬ್ಬರಾಗಿ ಜನರು ತಮ್ಮ ಮನೆಯಲ್ಲಿ ಸತ್ಯವನ್ನು ಹೇಳತೊಡಗಿದರು. ‘ಅಂಥವರು’ ಎಂಬ ಮಾತಿನ ಹಿಂದೆ ಅದುವರೆಗೆ ಒಂದು ನೆರಳು ನಿಂತಿತ್ತು. ಈಗ ಅಲ್ಲಿ ಅಣ್ಣನ ಮಗ, ಪಕ್ಕದ ಮನೆಯ ಹುಡುಗಿ, ಶಾಲೆಯ ಉಪಾಧ್ಯಾಯರು ಬಂದು ನಿಂತರು. ನೆರಳನ್ನು ದ್ವೇಷಿಸುವುದು ಸುಲಭ. ಪ್ರತಿದಿನ ಬೆಳಗ್ಗೆ ಕುಶಲ ಕೇಳುವ ಮುಖವನ್ನು ದ್ವೇಷಿಸಲು ಶ್ರಮ ಬೇಕು, ಮತ್ತು ಹೆಚ್ಚು ಜನರಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

2015ರ ಜನವರಿಯಲ್ಲಿ ಆರೋಗ್ಯಮಂತ್ರಿ ಲಿಯೊ ವರಾಡ್ಕರ್ ರೇಡಿಯೊ ಸಂದರ್ಶನದಲ್ಲಿ ತಾವು ಸಲಿಂಗಪ್ರೇಮಿಯೆಂದು ತಿಳಿಸಿದರು. ಇವರ ತಂದೆ ಮುಂಬಯಿಯಿಂದ ಹೋದ ವೈದ್ಯರು. ಮನೆತನದ ಮೂಲ ಕೊಂಕಣದ ಮಾಲವಣ ಸೀಮೆಯ ವರಾಡ್ ಗ್ರಾಮ. ಅದೇ ವರ್ಷದ ಮೇ ತಿಂಗಳಲ್ಲಿ, ಮತದಾನಕ್ಕೆ ಒಂದು ವಾರವಿರುವಾಗ, ಊರ್ಸುಲಾ ಹ್ಯಾಲಿಗನ್ ಎಂಬ ಹಿರಿಯ ಪತ್ರಕರ್ತೆ ಪತ್ರಿಕೆಯೊಂದರಲ್ಲಿ ತಮ್ಮ ಜೀವಮಾನದ ಗುಟ್ಟನ್ನು ಬರೆದರು. ಹದಿಹರೆಯದಲ್ಲಿ ತಿಳಿದುಕೊಂಡ ಸಂಗತಿಯನ್ನು ಐವತ್ತು ದಾಟುವವರೆಗೆ ಮುಚ್ಚಿಟ್ಟುಕೊಂಡಿದ್ದ ಆಕೆ ಶ್ರದ್ಧಾವಂತ ಕ್ಯಾಥೊಲಿಕಳು. ಮಾಜಿ ಅಧ್ಯಕ್ಷೆ ಮೇರಿ ಮೆಕಲೀಸ್‌ರವರು, ತಾವೂ ಅಂಥ ಶ್ರದ್ಧಾವಂತರೇ, ಸಲಿಂಗಪ್ರೇಮಿಯಾದ ಮಗನ ತಾಯಿಯಾಗಿ ಮಾತನಾಡಿದರು. ಹೆಸರಿಲ್ಲದ ಸಾವಿರಾರು ಮಂದಿ ಮನೆಯಿಂದ ಮನೆಗೆ ಹೋಗಿ ಬಾಗಿಲು ತಟ್ಟಿದರು. ಪರದೇಶಗಳಿಗೆ ಜೀವನೋಪಾಯಕ್ಕಾಗಿ ಹೋಗಿದ್ದ ತರುಣತರುಣಿಯರಿಗೆ ಅಂಚೆಯ ಮೂಲಕ ಮತ ಹಾಕುವ ಸೌಕರ್ಯವಿರಲಿಲ್ಲ. ಅವರು ವಿಮಾನಗಳಲ್ಲಿಯೂ ಹಡಗುಗಳಲ್ಲಿಯೂ ಊರಿಗೆ ಬಂದು ಮತ ಹಾಕಿದರು. ವಲಸೆ ಹೋಗುವವರನ್ನು ಬೀಳ್ಕೊಟ್ಟು ಅಳುವುದನ್ನೇ ಎರಡು ಶತಮಾನ ಅಭ್ಯಾಸ ಮಾಡಿದ್ದ ದೇಶಕ್ಕೆ, ಮಕ್ಕಳು ಹಿಂದಿರುಗಿ ಬರುವ ಈ ನೋಟ ಹೊಸದಾಗಿತ್ತು.

ಮೇ 22ರಂದು ಮತದಾನ ನಡೆಯಿತು. ಪರವಾಗಿ 12,01,607 ಮತಗಳು, ವಿರೋಧವಾಗಿ 7,34,300. ನೂರಕ್ಕೆ ಅರವತ್ತೆರಡರಷ್ಟು ಜನ ಒಪ್ಪಿದ್ದರು. ವಿರೋಧದ ಕಡೆಗೆ ವಾಲಿದ್ದು ರಾಸ್‌ಕಾಮನ್–ದಕ್ಷಿಣ ಲೀಟ್ರಿಂ ಎಂಬ ಒಂದೇ ಕ್ಷೇತ್ರ. ಹೊಸದೆಲ್ಲಕ್ಕೂ ಹೌದೆನ್ನುವ ಉತ್ಸಾಹದಲ್ಲಿ ಜನರು ಹೀಗೆ ಮಾಡಿದರೆಂದು ಭಾವಿಸಲಾಗದು. ಅದೇ ದಿನ ಅವರ ಮುಂದೆ ಇನ್ನೊಂದು ಪ್ರಶ್ನೆಯೂ ಇತ್ತು: ದೇಶದ ಅಧ್ಯಕ್ಷಪದವಿಗೆ ನಿಲ್ಲಲು ಬೇಕಾದ ವಯಸ್ಸನ್ನು 35ರಿಂದ 21ಕ್ಕೆ ಇಳಿಸಬಹುದೆ? ಅದಕ್ಕೆ ನೂರಕ್ಕೆ 73 ಮಂದಿ ಬೇಡವೆಂದರು.

ಇಲ್ಲಿಯವರೆಗೆ ಕಥೆ ಮಂಗಳಕರವಾಗಿದೆ. ನೈತಿಕವಾದ ತೊಡಕು ಆರಂಭವಾಗುವುದು ಇಲ್ಲಿಂದಲೇ. ಒಬ್ಬ ಹೆಂಗಸು ತನ್ನ ಸಂಗಾತಿಯೊಡನೆ ಇಪ್ಪತ್ತು ವರ್ಷ ಬಾಳಿದ್ದಾಳೆನ್ನೋಣ. ಅವಳು ಸಂಜೆಯ ಹೊತ್ತು ಅಪರಿಚಿತನೊಬ್ಬನ ಬಾಗಿಲು ತಟ್ಟಿ, ‘ಅಯ್ಯಾ, ನಾನು ವಿವಾಹವಾಗಲು ತಾವು ದಯವಿಟ್ಟು ಒಪ್ಪಿಗೆ ಕೊಡಬೇಕು’ ಎಂದು ಕೇಳಬೇಕಾಗಿದೆ. ಬಾಗಿಲು ತೆರೆದವನ ವಿವಾಹಕ್ಕೆ ಅವಳ ಒಪ್ಪಿಗೆಯನ್ನು ಯಾರೂ ಎಂದೂ ಕೇಳಿರಲಿಲ್ಲ. ಅವನು ಒಳ್ಳೆಯವನೇ ಆಗಿರಬಹುದು, ಒಪ್ಪಿಯೂ ಒಪ್ಪಬಹುದು. ಆದರೆ ಆ ಹೊಸ್ತಿಲಿನ ಒಂದು ಕಡೆಯಲ್ಲಿ ಕೊಡುವವನೂ ಇನ್ನೊಂದು ಕಡೆಯಲ್ಲಿ ಬೇಡುವವಳೂ ನಿಂತಿರುವಾಗ, ಬಂದ ಉತ್ತರ ‘ಹೌದು’ ಎಂದಾದರೂ ಅವರಿಬ್ಬರು ಸಮಾನರಾಗಿ ನಿಂತಂತಾಗಲಿಲ್ಲ. ಪರಿಚಯವೇ ಮನಃಪರಿವರ್ತನೆಗೆ ಸಾಧನವೆಂದು ಹೇಳುವಾಗ ಆ ಪರಿಚಯದ ವೆಚ್ಚವನ್ನು ಯಾರು ತೆತ್ತರೆಂಬುದನ್ನು ಮರೆಯುವುದು ಸುಲಭ. ತಮ್ಮ ಒಳಮನೆಯನ್ನು ಬೀದಿಗೆ ತೆರೆದಿಟ್ಟು, ನಾವೂ ನಿಮ್ಮಂತೆಯೇ ಅನ್ನ ಬೇಯಿಸಿಕೊಂಡು, ತಂದೆತಾಯಿಗಳನ್ನು ನೋಡಿಕೊಂಡು ಬಾಳುವವರು ಎಂದು ಸಾಕ್ಷಿ ಒದಗಿಸಬೇಕಾಗಿ ಬಂದದ್ದು ಅವರಿಗೆ. ಅಂಥ ಸಾಕ್ಷಿಯನ್ನು ಒದಗಿಸಲಾರದವನ ಗತಿಯೇನು? ಸಂಕೋಚಸ್ವಭಾವದವನು, ಮುಂಗೋಪಿ, ಯಾರಿಗೂ ಪ್ರಿಯನಲ್ಲದವನು—ಇವನಿಗೂ ಹಕ್ಕು ಅಷ್ಟೇ ಉಂಟಲ್ಲವೆ?

ಮತದಾನದ ಪರವಾಗಿ ಹೇಳಬಹುದಾದ ಮಾತೂ ಹಗುರವಾದದ್ದಲ್ಲ. 1937ರ ಐರಿಷ್ ರಾಜ್ಯಾಂಗವನ್ನು ತಿದ್ದುವ ಅಧಿಕಾರ ಜನರದು. ಅವರನ್ನು ಕೇಳದೆ ಅದರ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ರಾಜ್ಯ ಪ್ರಜೆಗಳದಾದರೆ ಅದರ ಮೂಲಶಾಸನವೂ ಪ್ರಜೆಗಳ ಮಾತನ್ನೇ ಕೇಳಬೇಕು. ಸರಿಯೇ. ಆದರೆ ಜನರ ಮತವು ಹಕ್ಕನ್ನು ಗುರುತಿಸುತ್ತದೆಯೋ ಸೃಷ್ಟಿಸುತ್ತದೆಯೋ? ಸೃಷ್ಟಿಸುವುದಾದರೆ ಬಹಳ ವಿಚಿತ್ರವಾದ ಪರಿಣಾಮಗಳನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಇದೇ ಐರಿಷ್ ಜನರು 1986ರಲ್ಲಿ ವಿವಾಹವಿಚ್ಛೇದನವನ್ನು ದೊಡ್ಡ ಬಹುಮತದಿಂದ ನಿರಾಕರಿಸಿದರು. ಒಂಬತ್ತು ವರ್ಷಗಳ ಮೇಲೆ ಅದನ್ನೇ ಸುಮಾರು ಒಂಬತ್ತು ಸಾವಿರ ಮತಗಳ ಅಂತರದಿಂದ ಒಪ್ಪಿದರು. ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಂಗಸಿನ ಸಂಕಟದಲ್ಲಿ ಈ ಒಂಬತ್ತು ವರ್ಷಗಳಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಕ್ಯಾಲಿಫೋರ್ನಿಯದ ಮತದಾರರು 2008ರಲ್ಲಿ ಸಲಿಂಗ ದಂಪತಿಗಳಿಗೆ ಆಗಲೇ ದೊರೆತಿದ್ದ ವಿವಾಹದ ಹಕ್ಕನ್ನು ಮತದಿಂದಲೇ ಕಿತ್ತುಕೊಂಡರು. ಕ್ರೊಯೇಷಿಯದ ಜನರು 2013ರಲ್ಲಿ ವಿವಾಹವೆಂದರೆ ಗಂಡು ಹೆಣ್ಣುಗಳ ಸಂಬಂಧವೇ ಎಂದು ರಾಜ್ಯಾಂಗದಲ್ಲಿ ಬರೆಸಿದರು. ಐರ್ಲೆಂಡು ಒಪ್ಪಿದ ವರ್ಷದಲ್ಲಿಯೇ, ಡಿಸೆಂಬರಿನಲ್ಲಿ, ಸ್ಲೊವೇನಿಯದ ಮತದಾರರು ತಿರಸ್ಕರಿಸಿದರು. ಅಲ್ಲಿ 2022ರಲ್ಲಿ ರಾಜ್ಯಾಂಗ ನ್ಯಾಯಸ್ಥಾನ ಆ ಹಕ್ಕನ್ನು ಎತ್ತಿಹಿಡಿಯಿತು. ಡಬ್ಲಿನ್ನಿನ ದಂಪತಿಗಳಿಗೆ ಮನುಷ್ಯತ್ವ ಹೆಚ್ಚು, ಜಾಗ್ರೆಬ್ಬಿನ ದಂಪತಿಗಳಿಗೆ ಕಡಮೆ ಎಂದು ಹೇಳುವ ಧೈರ್ಯ ಯಾರಿಗುಂಟು?

ವಿರೋಧವಾಗಿ ಮತ ಹಾಕಿದ ಏಳು ಲಕ್ಷ ಜನರೆಲ್ಲರೂ ದ್ವೇಷದಿಂದ ಹಾಗೆ ಮಾಡಿದರೆಂದು ಎಣಿಸುವುದು ಅನ್ಯಾಯ. ವಿವಾಹವು ಸಂತಾನಕ್ಕಾಗಿ ಏರ್ಪಟ್ಟದ್ದು, ಮಗುವಿಗೆ ತಂದೆಯೂ ತಾಯಿಯೂ ಬೇಕು ಎಂಬುದು ಅವರ ಮುಖ್ಯ ವಾದ. ಅದರಲ್ಲಿ ಮಗುವಿನ ಕ್ಷೇಮದ ಚಿಂತೆಯಿದೆ. ಆದರೆ ಆ ವಾದವನ್ನು ಅವರೇ ಪೂರ್ತಿಯಾಗಿ ನಡೆಸುವುದಿಲ್ಲ. ಅರವತ್ತು ದಾಟಿದ ವಿಧುರನೂ ವಿಧವೆಯೂ ಮದುವೆಯಾದರೆ ಯಾವ ಪಾದ್ರಿಯೂ ಸಂತಾನದ ಭರವಸೆ ಕೇಳುವುದಿಲ್ಲ. ಇಳಿವಯಸ್ಸಿನಲ್ಲಿ ಒಬ್ಬರಿಗೊಬ್ಬರು ಆಸರೆಯಾದರೆಂದು ನೆಂಟರು ಸಂತೋಷಪಡುತ್ತಾರೆ. ಆಸರೆಯೇ ವಿವಾಹದ ಒಂದು ಸಾರ್ಥಕ ಪ್ರಯೋಜನವೆಂದು ಅಲ್ಲಿ ಒಪ್ಪಿದವರು ಇಲ್ಲಿ ಒಪ್ಪದಿರಲು ಬೇರೆ ಕಾರಣ ಹೇಳಬೇಕು. ವಿವಾಹವು ಪವಿತ್ರ ಸಂಸ್ಕಾರವೆಂಬ ಇನ್ನೊಂದು ವಾದಕ್ಕೆ ಉತ್ತರ ಇನ್ನೂ ಸರಳ. ಸಂಸ್ಕಾರ ಕೊಡುವುದು ಧರ್ಮಪೀಠ. ಯಾರಿಗೆ ಕೊಡಬೇಕೆಂಬುದನ್ನು ತೀರ್ಮಾನಿಸುವುದೂ ಅದೇ. ಐರಿಷ್ ಶಾಸನವು ಯಾವ ಇಗರ್ಜಿಯನ್ನೂ ಬಲವಂತಪಡಿಸಲಿಲ್ಲ. ರಾಜ್ಯ ಕೊಡುವುದು ಸಂಸ್ಕಾರವನ್ನಲ್ಲ. ಆಸ್ಪತ್ರೆಯಲ್ಲಿ ಮಲಗಿರುವವನ ಪಕ್ಕದಲ್ಲಿ ಕೂರುವ ಅಧಿಕಾರ, ಸತ್ತವನ ಮನೆಯಿಂದ ಸಂಗಾತಿಯನ್ನು ಹೊರದೂಡದಂತೆ ತಡೆಯುವ ಪತ್ರ, ಪಿಂಚಣಿ, ವಾರಸು: ಇಂಥವು ಅದರ ವಶದಲ್ಲಿರುವ ವಸ್ತುಗಳು. ಇವುಗಳಲ್ಲಿ ಪಾವಿತ್ರ್ಯವೇನೂ ಇಲ್ಲ. ಸಂಸಾರ ನಡೆಯುವುದು ಮಾತ್ರ ಇವುಗಳಿಂದ.

ಹಾಗಾದರೆ ಆ ಜನಮತದಿಂದ ಬಂದ ಲಾಭವೇನೂ ಇಲ್ಲವೆ? ಉಂಟು. ನ್ಯಾಯಸ್ಥಾನವು ಹಕ್ಕನ್ನು ಕೊಡಿಸಬಲ್ಲುದು, ಆದರವನ್ನು ಕೊಡಿಸಲಾರದು. ತೀರ್ಪು ಬಂದ ಮರುದಿನವೂ ಬೀದಿಯವರು ಮುಖ ತಿರುಗಿಸಬಹುದು. ಐರ್ಲೆಂಡಿನಲ್ಲಿ ಅದಾಗಲಿಲ್ಲ, ಫಲಿತಾಂಶದ ದಿನ ಡಬ್ಲಿನ್ ಕೋಟೆಯ ಅಂಗಳದಲ್ಲಿ ಸೇರಿದವರಿಗೆ ತಮ್ಮ ಊರು, ತಮ್ಮ ಕೇರಿ, ತಮ್ಮ ಚಿಕ್ಕಪ್ಪ ಚಿಕ್ಕಮ್ಮಂದಿರು ತಮ್ಮನ್ನು ಬೇಕೆಂದರು ಎಂಬ ಅರಿವುಂಟಾಯಿತು. ಅದು ನಿಜವಾಗಿಯೂ ದಾನ, ಮತ್ತು ಕೃತಜ್ಞತೆಗೆ ಅರ್ಹವಾದ ದಾನ. ಪ್ರೀತಿಯನ್ನು ಋಣವೆಂದು ಯಾರೂ ವಸೂಲು ಮಾಡಲಾರರು. ತಪ್ಪಾಗುವುದು ಈ ದಾನ ಬರುವವರೆಗೆ ಆ ಋಣವನ್ನು ತಡೆಹಿಡಿದಾಗ. ನೆರೆಯವನ ಪ್ರೀತಿ ತಡವಾಗಿ ಬಂದರೂ ಬರಲಿ; ಅವನು ತನ್ನ ಮನಸ್ಸನ್ನು ನಿಧಾನವಾಗಿ ತಿದ್ದಿಕೊಳ್ಳುವ ಕಾಲದಲ್ಲಿ ಇನ್ನೊಬ್ಬನ ಆಯುಷ್ಯ ಮಾತ್ರ ನಿಧಾನಿಸುವುದಿಲ್ಲ.

ಭಾರತದ ಓದುಗರಿಗೆ ಇದು ದೂರದ ದ್ವೀಪದ ವಾರ್ತೆಯಲ್ಲ. ಐರ್ಲೆಂಡಿಗೆ ಕಾಯಿದೆ ಕಳುಹಿಸಿದ ಸಾಮ್ರಾಜ್ಯವೇ 1860ರ ದಂಡಸಂಹಿತೆಯ 377ನೆಯ ಕಲಮನ್ನು ಇಲ್ಲಿಗೂ ತಂದಿತು. 1947ರ ಅನಂತರ ಇಲ್ಲಿಯೂ ಒಡೆಯನಿಲ್ಲದ ಬೀಗ ಎಪ್ಪತ್ತು ವರ್ಷ ಉಳಿಯಿತು. 2009ರಲ್ಲಿ ದೆಹಲಿಯ ಹೈಕೋರ್ಟು ಅದನ್ನು ಸಡಿಲಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಬಿಗಿಯಿತು. ಬಿಗಿಯುವಾಗ, ಇಂಥವರು ದೇಶದಲ್ಲಿ ಅತ್ಯಲ್ಪಸಂಖ್ಯಾತರೆಂಬುದನ್ನೂ ಒಂದು ಕಾರಣವಾಗಿ ಹೇಳಿತು. ಹಕ್ಕನ್ನು ತಲೆಯೆಣಿಸಿ ಅಳೆಯುವ ಪದ್ಧತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ಅಲ್ಪಸಂಖ್ಯಾತನಿಗಲ್ಲದೆ ರಾಜ್ಯಾಂಗದ ರಕ್ಷಣೆ ಇನ್ನಾರಿಗೆ ಬೇಕು? 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಏಕಕಂಠದಿಂದ ಆ ತೀರ್ಪನ್ನು ಅಳಿಸಿದರು. 1948ರ ನವೆಂಬರಿನಲ್ಲಿ ರಾಜ್ಯಾಂಗರಚನಾಸಭೆಯ ಮುಂದೆ ಅಂಬೇಡ್ಕರರು, ರಾಜ್ಯಾಂಗನೀತಿಯೆಂಬುದು ಹುಟ್ಟಿನಿಂದ ಬರುವ ಭಾವವಲ್ಲ, ಬೆಳೆಸಿಕೊಳ್ಳಬೇಕಾದದ್ದು ಎಂದಿದ್ದರು. ಸಮಾಜದ ರೂಢನೀತಿಗಿಂತ ಆ ನೀತಿ ಮೇಲೆಂಬುದು 2018ರ ತೀರ್ಪಿನ ತಿರುಳು. ವಿವಾಹದ ಪ್ರಶ್ನೆ ಬಂದಾಗ ಮಾತ್ರ, 2023ರ ಅಕ್ಟೋಬರ್ 17ರಂದು, ವಿವಾಹವೆಂಬುದು ಮೂಲಭೂತ ಹಕ್ಕಲ್ಲ, ಅದು ಶಾಸನಸಭೆಯ ಕೆಲಸ ಎಂದು ನ್ಯಾಯಾಲಯ ಹಿಂದೆ ಸರಿಯಿತು. ಪುನರ್ವಿಮರ್ಶೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಎಂದರೆ ಇಲ್ಲಿಯೂ ಬಾಗಿಲು ತಟ್ಟುವ ಕೆಲಸ ಉಳಿದಿದೆ, ಮತ್ತು ಆ ಬಾಗಿಲುಗಳು ಓದು ಬರಹ ಬಲ್ಲ ಸಂಸಾರಗಳ ಮನೆಯ ಬಾಗಿಲುಗಳೇ.

ಋಣವೋ ದಾನವೋ ಎಂಬ ಪ್ರಶ್ನೆಗೆ ಐರಿಷ್ ರಾಜ್ಯವು ತಾನಾಗಿಯೇ ಒಂದು ಉತ್ತರ ಕೊಟ್ಟಿದೆ. 2018ರ ಜೂನ್ 19ರಂದು ಶಾಸನಸಭೆಯಲ್ಲಿ, ಆಗ ಪ್ರಧಾನಮಂತ್ರಿಯಾಗಿದ್ದ ವರಾಡ್ಕರರು, 1993ಕ್ಕೆ ಹಿಂದಿನ ಕಾಯಿದೆಗಳಿಂದ ಶಿಕ್ಷಿತರಾದವರ ಕ್ಷಮೆಯನ್ನು ರಾಜ್ಯದ ಪರವಾಗಿ ಬೇಡಿದರು. ದಾನ ಮಾಡಲು ತಡವಾಯಿತೆಂದು ಯಾರೂ ಕ್ಷಮೆ ಬೇಡುವುದಿಲ್ಲ. ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಂಡವನು ಬೇಡುತ್ತಾನೆ. ಆ ಮಾತು ಆಡಿದ ದಿನ ರಾಜ್ಯವು, ಬಹುಮತವಿಲ್ಲದ ಕಾಲದಲ್ಲಿಯೂ ಆ ಹಕ್ಕು ಇತ್ತೆಂದು ಒಪ್ಪಿಕೊಂಡಂತಾಯಿತು. ಹಳೆಯ ತೀರ್ಪುಗಳನ್ನು ದಾಖಲೆಗಳಿಂದ ಹೇಗೆ ತೊಡೆಯಬೇಕೆಂದು ವಿಚಾರಿಸಲು ಆಮೇಲೆ ಒಂದು ಮಂಡಲಿ ನೇಮಕವಾಯಿತು. ಅದರ ಅಂತಿಮ ವರದಿ 2023ರಲ್ಲಿ ಹೊರಬಂತು. ಆ ದಾಖಲೆಗಳಲ್ಲಿ ಹೆಸರಿರುವ ಅನೇಕರು ಅಷ್ಟರೊಳಗೆ ತೀರಿಹೋಗಿದ್ದರು.